ಹದಿಮೂರನೆಯ ಚೀಲ

"ನಿಮ್ಮಂಥೋರಿಗೆಲ್ಲ ಕಕ್ಕಸು ಕಟ್ಟಿಸಿಕೊಟ್ಟಿದ್ದೇ ನಮ್ಮ ತಪ್ಪು. ಗದ್ದೆ ಬದುವಿನ ಮೇಲೆ ಕೂತು ಅಭ್ಯಾಸ ಆದೋರು. ಫ್ಲಶ್ ಕೈಗೆ ಸಿಕ್ಕರೆ ಬಟ್ಟೆಬರೆಯೆಲ್ಲ ತುರುಕ್ತೀರ."

ನಿವಾಸಿಗಳ ಸಂಘದ ಅಧ್ಯಕ್ಷ ನಾಮ್‌ಗುಂಗ್ ಮೂಗಿಗೆ ಕರ್ಚೀಫು ಒತ್ತಿಕೊಂಡು ನೆಲಮಹಡಿಯ ಮನೆಯೊಂದರ ಹೊಸಿಲಾಚೆಯೇ ನಿಂತಿದ್ದ. ಒಳಗೆ, ಬಚ್ಚಲಮನೆಯಲ್ಲಿ, ಕಸಗುಡಿಸುವ ಮಲ್‌ಸೂನ್ ಮಂಡಿಯೂರಿ ಬಲಗೈಯನ್ನು ಭುಜದವರೆಗೆ ಕೊಳವೆಯೊಳಗೆ ಇಳಿಬಿಟ್ಟಿದ್ದಳು. ಕಮೋಡನ್ನು ಬುಡಸಹಿತ ಬಿಚ್ಚಿ ಗೋಡೆಗೆ ಒರಗಿಸಿಯಾಗಿತ್ತು. ನೆಲದ ತುಂಬ ಕಪ್ಪು ನೀರು. ನೀರಿನ ನಡುವೆ ಎರಡು ದೊಡ್ಡ ಪ್ಲಾಸ್ಟಿಕ್ ಬೋಗುಣಿ. ಅವುಗಳಲ್ಲಿ ನಾಳೆಯ ಕಿಮ್ಚಿ ಉಪ್ಪಿನಕಾಯಿಗೆಂದು ಉಪ್ಪು ಸವರಿ ಮಲಗಿಸಿದ್ದ ಇಪ್ಪತ್ತು ಎಲೆಕೋಸು. ಒಂದು ಸಂಸಾರದ ಇಡೀ ಚಳಿಗಾಲದ ಕಿಮ್ಚಿ. ಅದರ ಮೇಲೆಲ್ಲ ಹದಿನೆಂಟು ಅಂತಸ್ತಿನ ಹೇಲು ಹರಿದುಹೋಗಿತ್ತು.

ಮನೆಯೊಡತಿ, ಎಲ್ಲರೂ ದಾಲೆಯ ಅಮ್ಮ ಎಂದು ಕರೆಯುವ ಹೆಂಗಸು, ಅಡುಗೆಮನೆಯ ಬಾಗಿಲಲ್ಲಿ ಸೋತು ಕೂತಿದ್ದಳು. ಅಳು ಮುಗಿದು ಬಿಕ್ಕಳಿಕೆ ಮಾತ್ರ ಉಳಿದಿತ್ತು.

"ಸಿಕ್ತಾ ಅಕ್ಕ?" ಎಂದ ಡೂಸಿಕ್. ಪಂಪು, ಮೋಟಾರು, ಪೈಪು ಎಲ್ಲವನ್ನೂ ಒಬ್ಬನೇ ನೋಡಿಕೊಳ್ಳುವವನು. ಟಾರ್ಚು ಹಿಡಿದು ಅವಳ ಬೆನ್ನಿಗೇ ನಿಂತಿದ್ದ.

"ಸಿಕ್ತದೆ ತಡಿ. ಹಸ ಈಯೋದ ನೋಡಿಲ್ವಾ ನೀನು? ಅವಸರ ಮಾಡುದ್ರೆ ಬರಕಿಲ್ಲ."

ಹಲ್ಲು ಕಚ್ಚಿ ಎಳೆದಳು. ಮೊದಲು ಒಂದು ತುದಿ ಬಂತು, ಬೂದುಬಿಳಿ. ಆಮೇಲೆ ಬಂದದ್ದು ಹಗ್ಗವೇ. ಒದ್ದೆ ಟಿಶ್ಯೂಗಳು ಒಂದಕ್ಕೊಂದು ಹೊಸೆದುಕೊಂಡು, ನಡುನಡುವೆ ತಲೆಗೂದಲು ಸುತ್ತಿಕೊಂಡು, ಹೋದ ವರ್ಷದ ಹುಳಿ ಕಿಮ್ಚಿಯ ಎಲೆಗಳು ಸಿಕ್ಕಿಕೊಂಡು, ಮೇಲೆ ಮೇಣದಂತೆ ಹಂದಿಯ ಕೊಬ್ಬು ಹೆಪ್ಪುಗಟ್ಟಿ, ತೊಡೆಗಾತ್ರದ ಹಗ್ಗ. ಎಳೆದಷ್ಟೂ ಬರುತ್ತಿತ್ತು. ಒಂದು ಮಾರು ಬಂದ ಮೇಲೆ ಕೊಳವೆ ದೊಡ್ಡದಾಗಿ ತೇಗಿತು. ನೆಲದ ನೀರು ಸುಳಿದು ಒಳಗಿಳಿಯಿತು.

"ನೋಡಿ, ನೋಡಿ!" ನಾಮ್‌ಗುಂಗ್ ಬೆರಳು ತೋರಿಸಿದ. "ನಿಮ್ಮ ಮಾಪಿನ ಬಟ್ಟೆ! ಕಣ್ಣಿಗೆ ಕಾಣ್ತಾ ಇದೆ."

ಮಲ್‌ಸೂನ್ ಒಂದು ಎಳೆ ಬಿಡಿಸಿ, ಹಿಂಡಿ, ಮೂಸಿದಳು.

"ನಮ್ಮ ಮಾಪು ನಿಂಬೆಹಣ್ಣಿನ್ ವಾಸ್ನೆ ಬರಲ್ಲ ಅಧ್ಯಕ್ಷರೇ. ಮೂಸ್ತೀರಾ?"

ಅವಳು ಕೈ ಚಾಚಿದಳು. ಅವನು ಎರಡು ಹೆಜ್ಜೆ ಹಿಂದೆ ಹಾರಿದ. ಅವನ ಪಕ್ಕದಲ್ಲಿದ್ದ ಮ್ಯಾನೇಜರ್ ಯೊಮ್ ಒಳಗೆ ಬಂದವನೇ ಮಲ್‌ಸೂನಳ ತೋಳನ್ನು ಚಿವುಟಿದ. "ಬಾಯಿ ಮುಚ್ಕೊಂಡು ಕೆಲಸ ನೋಡಮ್ಮ," ಎಂದ ಹಲ್ಲಿನ ಸಂದಿಯಲ್ಲಿ. ಅಧ್ಯಕ್ಷನ ಕಡೆ ತಿರುಗಿ ಸೊಂಟ ಬಗ್ಗಿಸಿದ. "ತಪ್ಪಾಯ್ತು ಸಾರ್. ಹಳ್ಳಿ ಕಡೆಯೋಳು, ಮಾತು ಒರಟು. ಕ್ರಮ ತಗೋತೀನಿ."

"ತಗೊಳ್ಳಿ. ಇವತ್ತೇ ತಗೊಳ್ಳಿ."

*

ಕ್ರಮ ಸಂಜೆಯೊಳಗೆ ಬಂತು. ನಾಲ್ಕನೇ ಟವರಿನ ತಳಮನೆಯಲ್ಲಿ ಕೆಲಸದವರಿಗೆ ಇದ್ದದ್ದು ಒಂದೇ ಕಕ್ಕಸು. ಅದರ ಬಾಗಿಲಿಗೆ ಹೊಸ ನಂಬರ್ ಬೀಗ ಬಿದ್ದಿತ್ತು. ಪಕ್ಕದಲ್ಲಿ ಅಚ್ಚುಕಟ್ಟಾಗಿ ಟೈಪು ಮಾಡಿದ ಕಾಗದ: ಸಿಬ್ಬಂದಿಯ ದುರ್ಬಳಕೆಯಿಂದ ಕೊಳವೆ ಕಟ್ಟಿಕೊಂಡಿರುವ ಕಾರಣ ಈ ಶೌಚಾಲಯವನ್ನು ಮುಚ್ಚಲಾಗಿದೆ. ಬೀಗದ ನಾಲ್ಕು ಅಂಕಿ ಗೊತ್ತಿದ್ದದ್ದು ಅಧ್ಯಕ್ಷನಿಗೆ ಮಾತ್ರ. ಯೊಮ್‌ಗೆ ಕೂಡ ಹೇಳಿರಲಿಲ್ಲ.

ಮಲ್ಗುನ್‌ಸೆಮ್ ಎಂದು ಆ ಅಪಾರ್ಟ್‌ಮೆಂಟಿನ ಹೆಸರು. ತಿಳಿನೀರ ಬುಗ್ಗೆ ಎಂದರ್ಥ. ಆರು ಟವರು, ಒಂದೊಂದರಲ್ಲೂ ಒಂದರ ಮೇಲೊಂದು ಮನೆಗಳ ಎರಡು ಸಾಲು, ಒಟ್ಟು ನಾನೂರ ಮೂವತ್ತೆರಡು ಮನೆ. ಶಹರದ ದೊಡ್ಡ ಚರಂಡಿ ಈ ಅಂಚಿನವರೆಗೆ ಇನ್ನೂ ಬಂದಿರಲಿಲ್ಲ. ಅಷ್ಟೂ ಮನೆಯ ಕೊಳೆನೀರು ನಾಲ್ಕನೇ ಟವರಿನ ತಳಕ್ಕೇ ಬಂದು ಬೀಳಬೇಕು. ಬಂದದ್ದು ಮೊದಲು ಒಂದು ಕಬ್ಬಿಣದ ಜಾಲರಿ ಬುಟ್ಟಿಗೆ ಬೀಳುತ್ತದೆ. ಬುಟ್ಟಿ ದಾಟಿದ ನೀರು ಮುಂದಿನ ತೊಟ್ಟಿಗೆ, ಅಲ್ಲಿಂದ ಇನ್ನೊಂದಕ್ಕೆ, ಕೊನೆಗೆ ತಿಳಿಯಾಗಿ ಹಿಂದಿನ ಹಳ್ಳಕ್ಕೆ. ಹಳ್ಳದಲ್ಲಿ ಬೆಳ್ಳಕ್ಕಿಗಳು ನಿಲ್ಲುವುದನ್ನು ನಿವಾಸಿಗಳು ಬಾಲ್ಕನಿಯಿಂದ ಫೋಟೋ ತೆಗೆಯುತ್ತಿದ್ದರು.

ಡೂಸಿಕ್‌ಗೆ ಜೊತೆಗಾರನೊಬ್ಬನಿದ್ದ. ವಸಂತದಲ್ಲಿ ಅವನ ಜಾಗವನ್ನೇ ತೆಗೆದುಹಾಕಿದರು. ಬುಟ್ಟಿ ಬಳಿಯುವುದು ಮಲ್‌ಸೂನಳ ಪಾಲಿಗೆ ಬಂತು. "ಹೆಂಗಸರ ಕೈ ನಯ," ಎಂದಿದ್ದ ಯೊಮ್. ದಿನಕ್ಕೆ ನಾಲ್ಕು ಸಲ ಉದ್ದನೆಯ ರಬ್ಬರ್ ಗವುಸು ಹಾಕಿಕೊಂಡು ಬುಟ್ಟಿಯಲ್ಲಿ ಸಿಕ್ಕಿದ್ದನ್ನು ಬಾಚಿ ತೆಗೆಯಬೇಕು. ತೆಗೆಯದಿದ್ದರೆ ನೀರು ಕಟ್ಟಿ ಹಿಂದಕ್ಕೆ ಏರುತ್ತದೆ, ಮೊದಲು ನೆಲಮಹಡಿಯ ಮನೆಗಳಿಗೆ.

ಬುಟ್ಟಿಕೋಣೆಯ ಪಕ್ಕ, ಮೆಟ್ಟಿಲ ಕೆಳಗಿನ ಗೂಡೇ ಕೆಲಸದವರ ವಿಶ್ರಾಂತಿಯ ಜಾಗ. ನೆಲಕ್ಕೆ ಥರ್ಮಾಕೋಲು ಹಾಸಿ ಮೇಲೊಂದು ಹಳೆಯ ಕಂಬಳಿ. ಮರುದಿನ ಮಧ್ಯಾಹ್ನ ಮೂವರೂ ಅಲ್ಲಿ ಕೂತು ಡಬ್ಬಿ ಬಿಚ್ಚಿದರು. ಮೂರನೆಯವಳು ಒಕ್‌ಬುನ್, ಮೊದಲ ಮೂರು ಟವರಿನ ಮೆಟ್ಟಿಲು ಒರೆಸುವವಳು. ಅರವತ್ತಾರು ದಾಟಿತ್ತು, ಕೆಲಸಕ್ಕೆ ಅರವತ್ತೊಂದು ಎಂದು ಹೇಳಿಕೊಂಡಿದ್ದಳು.

"ಪಾರ್ಕಿನಲ್ಲಿ ಒಂದದೆ," ಎಂದಳು ಒಕ್‌ಬುನ್.

"ಪೈಪು ಹೆಪ್ಪುಗಟ್ಟೀತು ಅಂತ ಅದ ಮುಚ್ಚವ್ರೆ ಕಣಕ್ಕ, ಮಾರ್ಚಿಗಂಟ," ಎಂದ ಡೂಸಿಕ್. "ಬಸ್‌ಸ್ಟಾಪಿನ್ ತಾವ ಪೆಟ್ರೋಲ್ ಬಂಕು. ಹೋಗಕ್ಕೆ ಹನ್ನೆರಡು ನಿಮಿಷ, ಬರಕ್ಕೆ ಹನ್ನೆರಡು."

"ನೀನು ಗಂಡಸು. ಹಳ್ಳದ್ ಕಡಿಕೆ ಓಗಿ ನಿಂತ್ಕೊಂಡ್ರೆ ಆಯ್ತದೆ."

"ನಿಂತ್ಕಬೋದು. ಬೆಳ್ಳಕ್ಕಿ ಫೋಟೋದಾಗೆ ನಾನೂ ಬತ್ತೀನಿ."

ಒಕ್‌ಬುನ್ ನಕ್ಕಳು. ಮಲ್‌ಸೂನ್ ನಗಲಿಲ್ಲ. ಚಾಪ್‌ಸ್ಟಿಕ್ಕಿನಲ್ಲಿ ಅನ್ನ ಒತ್ತುತ್ತ ಕೇಳಿದಳು: "ಅಲ್ಲ ತಮ್ಮಾ, ಒದ್ದೆ ಟಿಶ್ಯೂ ಪಾಕೀಟಿನ್ ಮ್ಯಾಲೆ ನೀರಲ್ ಕರಗ್ತದೆ ಅಂತ ಬರ್ದಿರ್ತಾರಲ್ಲ. ನಿಜವಾ?"

"ಕರಗ್ತದೆ. ನಮ್ಮ್ ಮೊಮ್ಮಕ್ಳು ಕಾಲಕ್ಕೆ." ಡೂಸಿಕ್ ಬಾಯೊರೆಸಿಕೊಂಡ. ಈ ವಿಷಯ ಬಂದರೆ ಅವನಿಗೆ ಹಸಿವೂ ಮರೆಯುತ್ತದೆ. "ಅಕ್ಕ, ಆ ತೊಟ್ಟಿಯೊಳಗೆ ಗಾಳಿ ಬಿಡ್ತೀನಲ್ಲ, ಯಾತಕ್ಕೆ? ಅಲ್ಲಿ ಹುಳ ಅವೆ. ಕಣ್ಗೆ ಕಾಣಕಿಲ್ಲ, ಕೋಟಿಕೋಟಿ. ನನ್ ದನ ಅವು. ಉಸಿರಾಡಕ್ಕೆ ಗಾಳಿ ಬೇಕು, ತಿನ್ನಕ್ಕೆ ಹೇಲು ಬೇಕು. ಹೇಲು, ಉಚ್ಚೆ, ಅನ್ನದ್ ಗಂಜಿ, ಬಚ್ಚಲ್ ನೀರು, ಕಕ್ಕಸಿನ ತೆಳ್ಳನೆ ಕಾಗ್ದ, ಇಷ್ಟು ಕೊಡು, ತಿಂದು ತೇಗಿ ನೀರ ತಿಳಿ ಮಾಡಿ ಕಳಿಸ್ತವೆ. ಬಟ್ಟೆ ತಿನ್ನಾಕಿಲ್ಲ. ಕೂದ್ಲು ತಿನ್ನಾಕಿಲ್ಲ. ಎಣ್ಣೆ ಸುರುದ್ರೆ ಉಸಿರು ಕಟ್ಟಿ ಸಾಯ್ತವೆ. ಓದ್ ವರ್ಸ ಯಾವಳೋ ಪುಣ್ಯಾತ್ಗಿತ್ತಿ ಕ್ಯಾನ್ಗಟ್ಲೆ ಬ್ಲೀಚು ಸುರುದ್ಲು ನೋಡು, ಒಂದೇ ದಿನಕ್ಕೆ ಕೊಟ್ಟಿಗೇನೇ ಖಾಲಿ. ಆಮೇಲೆ ಬೇರೆ ಊರಿನ ತೊಟ್ಟಿಯಿಂದ ನಾಕು ಬಕೀಟು ಕೆಸರು ತಂದು ಬಿಟ್ಟೆ, ಅಕ್ಕಿ ಹೆಂಡಕ್ಕೆ ಮದ್ದು ಬಿಡ್ತಾರಲ್ಲ, ಅಂಗೆ."

"ಹಳೇ ಕಿಮ್ಚಿ?"

"ಅದು ಬ್ಯಾರೇ ಕತೆ. ಹೊಸ ಕಿಮ್ಚಿ ಹಾಕ್ಬೇಕು, ಫ್ರಿಜ್ಜಿನಾಗೆ ಜಾಗ ಇಲ್ಲ. ಹಳೇದ್ನ ಕೆಳಗಿನ ಎಂಜಲ್ ಡಬ್ಬಕ್ಕೆ ಹಾಕಿದ್ರೆ ಅದು ತೂಕ ಮಾಡಿ ಮನೆ ಹೆಸ್ರಿಗೆ ದುಡ್ಡು ಬರ್ಕೊತದೆ. ಕಕ್ಕಸಿಗೆ ಸುರುದ್ರೆ ಯಾರ್ ತೂಕ ಮಾಡ್ತಾರೆ? ಗುಂಡಿ ಒತ್ತುದ್ರು, ಮಾಯ. ಅವರ ಲೆಕ್ಕದಲ್ಲಿ ಆ ಗುಂಡಿ ಒತ್ತುದ್ ಮ್ಯಾಲೆ ಪರಪಂಚವೇ ಮುಗಿದೋಯ್ತು."

"ಪರಪಂಚ ಇಲ್ಲಿ ಸುರು ಆಯ್ತದೆ," ಎಂದಳು ಒಕ್‌ಬುನ್, ಬುಟ್ಟಿಕೋಣೆಯ ಕಡೆ ಗಲ್ಲ ತೋರಿಸಿ. ಅವಳು ಅವತ್ತು ಸಾರು ಕುಡಿಯಲಿಲ್ಲ. ಚೊಂಬಿನ ನೀರನ್ನೂ ಮುಟ್ಟಲಿಲ್ಲ.

*

ಎಂಟನೆಯ ದಿನ ಬೆಳಗ್ಗೆ ಹತ್ತೂವರೆಗೆ ಮಲ್‌ಸೂನ್ ಸಾಬೂನಿನ ಡಬ್ಬ ಕೇಳಲು ಎರಡನೇ ಟವರಿಗೆ ಹೋದಳು. ಹದಿನಾಲ್ಕನೇ ಅಂತಸ್ತಿನ ಮೆಟ್ಟಿಲ ತಿರುವಿನಲ್ಲಿ ಒಕ್‌ಬುನ್ ಒಂದೇ ಜಾಗವನ್ನು ಒರೆಸುತ್ತಿದ್ದಳು. ಮತ್ತೆ ಮತ್ತೆ, ಅದೇ ಜಾಗ. ಬಕೆಟ್ಟು ದೂರದಲ್ಲಿತ್ತು, ಒಣಗಿತ್ತು. ಪ್ಯಾಂಟಿನ ಎರಡೂ ಕಾಲು ಮೊಣಕಾಲವರೆಗೆ ಒದ್ದೆಯಾಗಿ ಅಂಟಿಕೊಂಡಿದ್ದವು.

"ನೀರ್ ಚೆಲ್ದೆ ಕಣೆ," ಎಂದಳು ಒಕ್‌ಬುನ್, ತಲೆಯೆತ್ತದೆ.

"ಆಯ್ತು."

"ಬೆಳಿಗ್ಗಿಂದ ಒಂದ್ ಗುಟುಕು ಕುಡ್ದಿಲ್ಲ. ಎಲ್ಲಿಂದ ಬತ್ತದೋ ಹಾಳಾದ್ದು. ಉರಿ ಬೇರೆ. ಬಂಕಿಗೆ ಓಗವ ಅಂತ ಇಳೀತಿದ್ದೆ, ಲಿಫ್ಟಿನಲ್ಲಿ ಓಗ್ಬ್ಯಾಡ ಅಂದವ್ರಲ್ಲ ಯೊಮ್ಮು, ವಾಸ್ನೆ ಅಂತ..."

ಮಲ್‌ಸೂನ್ ಅವಳ ಕೈಯಿಂದ ಮಾಪು ತೆಗೆದುಕೊಂಡಳು. ಅಷ್ಟರಲ್ಲಿ ಬಾಗಿಲು ತೆರೆಯಿತು. ಸಣ್ಣ ಬಿಳಿ ನಾಯಿಯನ್ನು ತೋಳಲ್ಲಿ ಅವುಚಿಕೊಂಡ ಹೆಂಗಸು ಮೂಗು ಹಿಗ್ಗಿಸಿ ನಿಂತಳು.

"ಇದೇನು, ಉಚ್ಚೆ ವಾಸನೆ? ನಮ್ಮ ನಾಯಿ ಅಲ್ಲಪ್ಪ, ಮೊದಲೇ ಹೇಳಿಬಿಡ್ತೀನಿ. ನಾವು ಅದಕ್ಕೆ ಡೈಪರ್ ಹಾಕೇ ಹೊರಗೆ ತರೋದು."

ಒಕ್‌ಬುನ್ ಸೊಂಟ ಬಗ್ಗಿಸಿದಳು. "ನಾಯೀದಲ್ಲ ತಾಯಿ. ನಾಯೀದಲ್ಲ," ಎಂದಳು.

ಮಧ್ಯಾಹ್ನದ ಹೊತ್ತಿಗೆ ದೂರು ಹೋಗಿತ್ತು. ಯೊಮ್ ತನ್ನ ಆಫೀಸಿಗೆ ಕರೆಸಿ ಬಿಳಿ ಹಾಳೆ, ಪೆನ್ನು ಮುಂದಿಟ್ಟ. ತಪ್ಪೊಪ್ಪಿಗೆ ಬರೆಯಬೇಕು. ಒಕ್‌ಬುನ್‌ಗೆ ಹೆಸರು ಬಿಟ್ಟು ಹೆಚ್ಚು ಬರೆಯಲು ಬಾರದು. ಬರೆದವಳು ಮಲ್‌ಸೂನ್, ಹೇಳಿದವನು ಯೊಮ್.

"ನಾನು, ಅಂದರೆ ಇಂಥ ಹೆಸರಿನವಳು, ನಿವಾಸಿಗಳ ಸಾಮಾನ್ಯ ಸ್ವತ್ತಾದ ಮೆಟ್ಟಿಲ ಮೇಲೆ ಮೂತ್ರ ವಿಸರ್ಜಿಸಿ... ಬರೀರಿ, ಬರೀರಿ... ನಿವಾಸಿಗಳ ಮನಸ್ಸಿಗೆ ತೀವ್ರ ನೋವುಂಟುಮಾಡಿದ್ದೇನೆ. ಇದು ಮರುಕಳಿಸುವುದಿಲ್ಲವೆಂದು ಪ್ರಮಾಣ ಮಾಡುತ್ತೇನೆ."

ಮಲ್‌ಸೂನ್ ಪೆನ್ನು ನಿಲ್ಲಿಸಿದಳು. "ಮರುಕಳಿಸಲ್ಲ ಅಂತ ಹೆಂಗ್ ಬರ್ಯಾದು ಸಾರ್? ಬೀಗ ತೆಗೀತೀರಾ?"

"ಅದು ನನ್ನ ಕೈಲಿಲ್ಲ."

"ಉಚ್ಚೆ ಇವ್ಳ ಕೈಲದಾ?"

ಯೊಮ್‌ನ ಕಿವಿ ಕೆಂಪಾಯಿತು. ಅವನೂ ಹೇಳಿದ್ದನ್ನು ಮಾಡುವವನೇ ಹೊರತು ಹೇಳುವವನಲ್ಲ. ವರ್ಷಕ್ಕೊಮ್ಮೆ ಅವನ ಕೆಲಸದ ಕರಾರಿಗೂ ಅಧ್ಯಕ್ಷನೇ ಮುದ್ರೆ ಒತ್ತಬೇಕು. "ಬರೀರಮ್ಮ," ಎಂದ ಮೆಲ್ಲಗೆ. "ನನಗೂ ಸಂಸಾರ ಇದೆ."

ಒಕ್‌ಬುನ್ ಸೆರಗಿಲ್ಲದ ಊರಿನವಳು, ಮುಖ ಮುಚ್ಚಿಕೊಳ್ಳಲು ತೋಳು ಸಾಕಾಯಿತು. ಇನ್ನೊಂದು ಕೈಯಿಂದ ತನ್ನ ಹೆಸರಿನ ಪುಟ್ಟ ಮರದ ಮುದ್ರೆ ತೆಗೆದು, ಕೆಂಪು ಶಾಯಿಗದ್ದಿ, ಕಾಗದದ ಮೇಲೆ ಒತ್ತಿದಳು. ಮದುವೆಯ ಕಾಗದಕ್ಕೆ, ಗಂಡನ ಸಾವಿನ ಕಾಗದಕ್ಕೆ ಒತ್ತಿದ್ದೂ ಅದೇ ಮುದ್ರೆ.

*

ಮಲ್‌ಸೂನ್ ಹೊರಗೆ ಬಂದಳು. ಬುಟ್ಟಿಕೋಣೆಗೆ ಹೋದಳು. ಬುಟ್ಟಿ ತುಂಬಿ ನಿಂತಿತ್ತು. ಗವುಸು ಹಾಕಿಕೊಳ್ಳಲು ಹೋದವಳು ಹಾಗೇ ನಿಂತಳು.

"ತಮ್ಮಾ," ಎಂದು ಕೂಗಿದಳು.

"ಏನಕ್ಕ?"

"ನಮ್ ಕಕ್ಕಸಿಗೆ ಬೀಗ ಬಿದ್ದು ಎಂಟು ದಿನ. ಆದ್ರೂ ಬುಟ್ಟಿ ಅಷ್ಟೇ ತುಂಬದೆ, ನೋಡು."

ಡೂಸಿಕ್ ನೋಡಿದ. ನೋಡಿ, ಕೆಟ್ಟ ಮಾತೊಂದನ್ನು ಪೂರಾ ಬಿಚ್ಚಿ ಬೈದ. "ಇದ ಯಾವನಿಗ್ ಹೇಳಾದು? ಆ ಬೋಳಿಮಗ ಬುಟ್ಟೀಲೂ ನಿಮ್ಮ ಮಾಪೇ ಅಂತಾನೆ."

"ಒಂದೊಂದ್ ಸಾಲಿನ ನೀರೂ ಬ್ಯಾರೆ ಬ್ಯಾರೆ ಗುಂಡೀಲಿ ಬೀಳ್ತದಲ್ವಾ, ಇಲ್ಲಿಗೆ ಬರಕ್ ಮೊದ್ಲು?"

"ಹೂಂ. ಹನ್ನೆರಡು ಸಾಲು, ಹನ್ನೆರಡು ಗುಂಡಿ. ನಮ್ ಕಕ್ಕಸಿಂದು ಒಂದು ಬ್ಯಾರೆ, ಸಣ್ದು. ಹದಿಮೂರು."

ಮಲ್‌ಸೂನಳ ಅಣ್ಣ ಮುಆನ್‌ನಲ್ಲಿ ಈರುಳ್ಳಿ ಬೆಳೆಯುವವನು. ಪ್ರತಿವರ್ಷ ತಂಗಿಗೆ ಕಳಿಸುತ್ತಿದ್ದ, ಕೆಂಪು ಬಲೆಯ ಚೀಲಗಳಲ್ಲಿ. ಈರುಳ್ಳಿ ಮುಗಿದರೂ ಚೀಲ ಬಿಸಾಡುವ ಜಾತಿಯಲ್ಲ ಅವಳದು. ಬಚ್ಚಲ ತೂಬಿಗೆ, ಪಾತ್ರೆ ಉಜ್ಜಲು, ಬೆಳ್ಳುಳ್ಳಿ ತೂಗುಹಾಕಲು. ಮರುದಿನ ಬೆಳಗ್ಗೆ ಹದಿಮೂರು ಚೀಲ ತಂದಳು. ಡೂಸಿಕ್ ತಂತಿ ಬಗ್ಗಿಸಿ ಒಂದೊಂದರ ಬಾಯಿಗೂ ಉಂಗುರ ಮಾಡಿದ. ಒಕ್‌ಬುನ್ ಗುಂಡಿಗಳ ಮುಚ್ಚಳ ಎತ್ತಿ ಹಿಡಿದಳು. ಕೊಳವೆಯ ಬಾಯಿಗೆ ಚೀಲ ಕಟ್ಟಿದರು. ಪ್ಲಾಸ್ಟಿಕ್ ಚೀಟಿ ಮಾಡಿ ಟವರು, ಸಾಲು ಬರೆದು ಪೋಣಿಸಿದರು.

"ಕೆಲಸ ಓಯ್ತದೆ ಅಕ್ಕ," ಎಂದ ಡೂಸಿಕ್, ಕೊನೆಯ ಗಂಟು ಬಿಗಿಯುತ್ತ.

"ಓಯ್ತದೆ."

"ಅಲ್ಲ, ಹೇಳ್ದೆ ಅಷ್ಟೆ."

"ಕೇಳುಸ್ಕೊಂಡೆ ಅಷ್ಟೆ."

ಎರಡು ದಿನ ಬಿಟ್ಟರು. ಗಟ್ಟಿ ಕಟ್ಟಿಕೊಳ್ಳದ ಹಾಗೆ ಡೂಸಿಕ್ ಗಂಟೆಗೊಮ್ಮೆ ನೀರು ಹೊಡೆದು ತೊಳೆಯುತ್ತಿದ್ದ. ಹೇಲು ಕರಗಿ ಹೋಗುತ್ತಿತ್ತು, ಕರಗದ್ದು ಉಳಿಯುತ್ತಿತ್ತು.

*

ಶನಿವಾರ ಹತ್ತು ಗಂಟೆಗೆ ಸಂಘದ ಸಭೆ. ಸಭಾಂಗಣದ ಬಾಗಿಲಿಗೆ ಹೋಗುವ ದಾರಿಯುದ್ದಕ್ಕೂ ಕಬ್ಬಿಣದ ಕಟಕಟೆ. ಬಂದವರೆಲ್ಲ ಆ ಬೆಳಗ್ಗೆ ಅದಕ್ಕೆ ತೂಗುಹಾಕಿದ್ದ ಹದಿಮೂರು ಚೀಲಗಳ ಮುಂದೆಯೇ ಹಾದು ಬರಬೇಕಾಯಿತು. ಒಳಗೆ ತಂದು ಮೇಜಿನ ಮೇಲೆ ಸುರಿಯೋಣ ಎಂದಿದ್ದ ಡೂಸಿಕ್. ಮಲ್‌ಸೂನ್ ಬೇಡ ಅಂದಿದ್ದಳು. ಆ ನೆಲ ಒರೆಸುವವಳು ಅವಳೇ.

ಹನ್ನೆರಡು ಚೀಲ ಹಂದಿಮರಿಯ ಹೊಟ್ಟೆಯಂತೆ ತೂಗುತ್ತಿದ್ದವು. ಬಲೆಯ ಕಣ್ಣುಗಳಿಂದ ಬಿಳಿ ತುದಿಗಳು ಹೊರಚಾಚಿದ್ದವು. ಒಂದರಲ್ಲಿ ಕಿಮ್ಚಿ, ಇನ್ನೊಂದರಲ್ಲಿ ಬಾಯಿಗೆ ಕಟ್ಟುವ ಮಾಸ್ಕು, ಕಿವಿ ಕಡ್ಡಿ, ಹೆಂಗಸರ ಪ್ಯಾಡು, ಹಲ್ಲುಜ್ಜುವ ದಾರ, ಒಂದು ಸಾಲಿನಿಂದಲಂತೂ ಇಡೀ ಕೋಳಿಯ ಮೂಳೆಗೂಡು. ಜನ ಮೂಗು ಮುಚ್ಚಿಕೊಂಡರು, ಆದರೆ ನಡೆದುಹೋಗಲಿಲ್ಲ. ತಮ್ಮ ಸಾಲಿನ ಚೀಟಿ ಹುಡುಕಿದರು. ಆಮೇಲೆ ಬೇರೆಯವರದು.

ಕೊನೆಯಲ್ಲಿ ಹದಿಮೂರನೆಯದು ನೇತಾಡುತ್ತಿತ್ತು. ಕೆಲಸದವರ ಕಕ್ಕಸು ಎಂದು ಚೀಟಿ. ಖಾಲಿ. ಒಣಗಿತ್ತು. ಗಾಳಿ ಬಂದಾಗ ಅದೊಂದೇ ಹಾರಾಡುತ್ತಿತ್ತು.

ಮಲ್‌ಸೂನ್ ಸಭಾಂಗಣದ ಬಾಗಿಲ ಬಳಿ ನಿಂತಳು, ಪಕ್ಕದಲ್ಲಿ ಒಕ್‌ಬುನ್.

"ಇದನ್ನು ಯಾರು ಮಾಡಿದ್ದು?" ನಾಮ್‌ಗುಂಗ್ ಎದ್ದು ನಿಂತಿದ್ದ. "ಜನರ ಕಕ್ಕಸಿನೊಳಗೆ ಇಣುಕೋ ಹಕ್ಕು ನಿಮಗೆ ಯಾರು ಕೊಟ್ಟಿದ್ದು? ಇದು ಗೌಪ್ಯತೆಯ ಪ್ರಶ್ನೆ! ಪೊಲೀಸರಿಗೆ ಕೊಡಬಹುದು ಇದನ್ನ!"

"ದಿನಕ್ ನಾಕ್ ಸಲ ಕೈಯಾಗ್ ಬಾಚುವಾಗ ಗೌಪ್ಯ ಇರ್ನಿಲ್ವಾ ಅಧ್ಯಕ್ಷರೇ?" ಎಂದಳು ಮಲ್‌ಸೂನ್. "ನೋಡ್ಬ್ಯಾಡ ಅಂತ ಮೊದ್ಲೇ ಹೇಳಿದ್ರೆ ನಾನೂ ಕಣ್ ಮುಚ್ಕೊಂಡು ಕುಂತ್ಕೊತಿದ್ದೆ."

ಯಾರೋ ಫಕ್ಕನೆ ನಕ್ಕು ಕೆಮ್ಮಿನಲ್ಲಿ ಮರೆಸಿದರು. ದಾಲೆಯ ಅಮ್ಮ ಹಿಂದಿನ ಸಾಲಿನಿಂದ ಎದ್ದಳು. ಅವಳ ಇಪ್ಪತ್ತು ಎಲೆಕೋಸು ಮಣ್ಣುಪಾಲಾಗಿ ಹತ್ತು ದಿನವಾಗಿತ್ತು.

"ನಮ್ಮ ಸಾಲಿಂದು ಯಾವುದು?"

"ಮೂರನೇ ಟವರು, ಮೊದಲ ಸಾಲು. ಎಡಗಡೆಯಿಂದ ಐದನೇದು ತಾಯಿ."

"ನಾನು ನೋಡಿದೆ. ಕಿಮ್ಚಿ ತುಂಬಿದೆಯಲ್ಲ, ಅದು?" ಅವಳು ಅಧ್ಯಕ್ಷನ ಕಡೆ ತಿರುಗಿದಳು. "ನೀವಿರೋದು ನಮ್ಮ ಮೇಲೇ ಅಲ್ವಾ ಸಾರ್? ಹದಿನೇಳನೇದು?"

"ಆ ಸಾಲಲ್ಲಿ ಮೂವತ್ತಾರು ಮನೆ ಇದೆ!" ನಾಮ್‌ಗುಂಗ್‌ನ ದನಿ ಸೀಳಿತು. "ನಾವು ಬಳಸೋದು ನೀರಲ್ಲಿ ಕರಗೋ ಟಿಶ್ಯೂ. ಪಾಕೀಟಿನ ಮೇಲೇ ಬರೆದಿದೆ!"

ಸಭಾಂಗಣದ ತಲೆಗಳೆಲ್ಲ ಅವನ ಕಡೆ ತಿರುಗಿದವು. ಬಳಸುತ್ತೀರಾ ಎಂದು ಅವನನ್ನು ಯಾರೂ ಕೇಳಿರಲಿಲ್ಲ.

"ಯಾರ್ ಮನೇದು ಅಂತ ನಂಗೊತ್ತಿಲ್ಲ," ಎಂದಳು ಮಲ್‌ಸೂನ್. "ತಿಳ್ಕಳಾದೂ ಬ್ಯಾಡ. ನಮ್ದಲ್ಲ, ಅಷ್ಟು ಗೊತ್ತು. ಬೀಗ ತೆಗೀರಿ."

"ಕಾರ್ಯಸೂಚಿಯಲ್ಲಿ ಇಲ್ಲದ ವಿಷಯ. ಮುಂದಿನ ತಿಂಗಳ ಸಭೆಗೆ ಅರ್ಜಿ ಕೊಡಿ."

"ಮುಂದಿನ್ ತಿಂಗಳವರ್ಗೂ ಇವ್ಳು ಉಚ್ಚೆ ಹಿಡ್ಕೊಬೇಕಾ?"

"ಭಾಷೆ ನೋಡಿಕೊಂಡು ಮಾತಾಡಿ. ಯೊಮ್ ಅವರೇ, ಇವರನ್ನ ಹೊರಗೆ ಕಳಿಸಿ. ಇವತ್ತಿಂದಲೇ ಬದಲಿ ಹುಡುಕಿ."

ಯೊಮ್ ಎದ್ದ. ಅರ್ಧ ಎದ್ದು ಹಾಗೇ ನಿಂತ. ಮಲ್‌ಸೂನ್ ಅವನ ದಾರಿ ಕಾಯಲಿಲ್ಲ. ಸೊಂಟದಲ್ಲಿ ಸಿಕ್ಕಿಸಿದ್ದ ಉದ್ದನೆಯ ರಬ್ಬರ್ ಗವುಸುಗಳನ್ನು ತೆಗೆದು, ಎರಡನ್ನೂ ಜೋಡಿಸಿ, ಅಧ್ಯಕ್ಷನ ಕಾರ್ಯಸೂಚಿಯ ಹಾಳೆಯ ಮೇಲಿಟ್ಟಳು.

"ಬುಟ್ಟಿ ಕೆಳಗದೆ. ಎಂಟ್ ಗಂಟೆಗೆ ಬಳಿದಿದ್ದು. ಇನ್ ಮುಂದೆ ನಾನು ಕೈ ಹಾಕಲ್ಲ. ಹಾಕೋರು ಹಾಕ್ಕೊಳಿ."

*

ಶನಿವಾರ, ಅದೂ ಕಿಮ್ಚಿಯ ವಾರ. ನಾನೂರ ಮೂವತ್ತೆರಡು ಮನೆಗಳಲ್ಲೂ ಜನ. ಊರಿಂದ ಅತ್ತೆಯರು, ನಾದಿನಿಯರು, ಮಕ್ಕಳು ಬಂದಿದ್ದರು. ಎಲೆಕೋಸು ತೊಳೆಯುತ್ತಿದ್ದರು, ಹಂದಿಮಾಂಸ ಬೇಯಿಸುತ್ತಿದ್ದರು, ಹಳೆಯ ಡಬ್ಬಿಗಳನ್ನು ಬರಿದು ಮಾಡುತ್ತಿದ್ದರು.

ಮಲ್‌ಸೂನ್ ಬುಟ್ಟಿಕೋಣೆಯಲ್ಲಿ ಬಕೆಟ್ಟು ಬೋರಲು ಹಾಕಿ ಕೂತಳು. ಒಕ್‌ಬುನ್ ಬಂದು ಪಕ್ಕದಲ್ಲಿ ಕೂತಳು. ಸ್ವಲ್ಪ ಹೊತ್ತಿಗೆ ಡೂಸಿಕ್ ಬಂದು ಗೋಡೆಗೊರಗಿದ.

"ನೀ ಯಾಕ್ ಬಂದೆ? ನಿನ್ ಕೆಲ್ಸ ಪಂಪು," ಎಂದಳು ಮಲ್‌ಸೂನ್.

"ಪಂಪು ಓಡ್ತಾನೇ ಅದೆ. ನನ್ ದನ ಉಪಾಸ ಇರದಂಗೆ ಗಾಳಿ ಬಿಟ್ಟಿವ್ನಿ. ಬುಟ್ಟಿ ಬಳಿಯಾದು ನನ್ ಕರಾರಿನಾಗಿಲ್ಲ."

ಹನ್ನೊಂದಕ್ಕೆ ಬುಟ್ಟಿ ಅರ್ಧವಾಯಿತು. ಹನ್ನೆರಡೂವರೆಗೆ ತುಂಬಿತು. ಒಂದೂಕಾಲಿಗೆ ನೀರು ಬುಟ್ಟಿಯ ಅಂಚಿನ ಹಿಂದೆ ನಿಂತು ತೊಟ್ಟಿಯ ಗೋಡೆ ಹತ್ತತೊಡಗಿತು. ಗೋಡೆಯ ಮೇಲೆ ಡೂಸಿಕ್ ಹಿಂದೆಂದೋ ಬಳಿದ ಕೆಂಪು ಗೆರೆಯಿತ್ತು, ಅದು ಮುಳುಗಿತು. ಯೊಮ್ ಮೂರು ಸಲ ಬಂದು ಹೋದ. ಒಮ್ಮೆ ಗದರಿದ, ಒಮ್ಮೆ ಕೈಮುಗಿದ. ಮೂರನೆಯ ಸಲ ನೀರನ್ನಷ್ಟೇ ನೋಡಿ ಹೋದ.

ಎರಡು ಗಂಟೆಗೆ ನಾಮ್‌ಗುಂಗ್ ಬಂದ. ಆರು ವರ್ಷ ಅಧ್ಯಕ್ಷನಾಗಿದ್ದವನು ತಳಮನೆಗೆ ಇಳಿದದ್ದು ಅದೇ ಮೊದಲು. ದೀಪದ ಗುಂಡಿ ಎಲ್ಲಿದೆಯೆಂದು ತಡಕಾಡಿದ. ಮನೆಯ ಚಪ್ಪಲಿಯಲ್ಲೇ ಬಂದಿದ್ದ, ತಿಳಿ ಬೂದುಬಣ್ಣದ್ದು, ಒಳಗೆ ಉಣ್ಣೆ. ಕಿವಿಯಲ್ಲಿ ಫೋನು.

"ಸೋಮವಾರ ಅಂದ್ರೆ ಹೇಗ್ರೀ? ತುರ್ತು ಅಂತ ಹೇಳ್ತಾ ಇದ್ದೀನಿ... ಟ್ಯಾಂಕರ್ ಇಲ್ವಾ? ಒಬ್ಬ ಆಳಾದ್ರೂ..." ಆ ಕಡೆಯವರು ಫೋನಿಟ್ಟರು. ಅವನು ಮೂವರನ್ನೂ ನೋಡಿದ. "ಇದು ಅಪರಾಧ. ಗೊತ್ತಾ ನಿಮಗೆ? ನಾನೂರು ಮನೆಯ ಆರೋಗ್ಯದ ಪ್ರಶ್ನೆ."

"ಗವುಸು ತಂದಿದೀರಾ?" ಎಂದಳು ಮಲ್‌ಸೂನ್.

"ಏನು?"

"ಮೇಜಿನ್ ಮ್ಯಾಲೆ ಇಟ್ಟಿದ್ನಲ್ಲ, ಗವುಸು. ಬರಿಗೈಲಿ ಬಾಚುದ್ರೆ ಉಗುರ್ ಸಂದಿಗೆ ಓಯ್ತದೆ. ಒಂದ್ ವಾರ ಅನ್ನ ಸೇರಲ್ಲ."

ಅವನು ಅವಳತ್ತ ಬೆರಳು ಚಾಚಿದ. "ನೀನು ಕೆಲಸದಿಂದ ಹೋದ ಹಾಗೇ ಅಂತ ತಿಳ್ಕೋ."

"ಓದೆ. ಬೆಳಿಗ್ಗೇನೇ ಓಗಿದೀನಿ. ಕೆಲ್ಸಕ್ ಇಲ್ಲದೋಳ್ಗೆ ಕೆಲ್ಸ ಹೇಳ್ಬ್ಯಾಡಿ." ಅವಳು ದನಿ ಏರಿಸಲಿಲ್ಲ. "ನಾಕು ಅಂಕಿ ಅಧ್ಯಕ್ಷರೇ. ಬಾಗ್ಲು ಅಲ್ಲೇ ಅದೆ. ನಾಕು ಅಂಕಿ ಹೇಳಿ, ಇವ್ಳು ಒಳಿಕ್ ಓಗಿ ಬರ್ಲಿ. ಇವ್ಳ ಮುದ್ರೆ ಒತ್ತಿರಾ ಕಾಗ್ದ ಹರೀರಿ. ಆಮ್ಯಾಲೆ ಬುಟ್ಟಿ ಮಾತಾಡವ."

"ನಾನೊಬ್ಬನೇ ತೀರ್ಮಾನ ಮಾಡೋಕಾಗಲ್ಲ. ಸಂಘದ ನಿರ್ಣಯ ಬೇಕು."

"ಹಾಕುವಾಗ ಒಬ್ರೇ ಹಾಕುದ್ರಿ."

ಒಕ್‌ಬುನ್ ಎದ್ದಳು. ಅವಳು ಅಧ್ಯಕ್ಷನೆದುರು ಮಾತಾಡಿದ್ದನ್ನು ಅದುವರೆಗೆ ಯಾರೂ ಕೇಳಿರಲಿಲ್ಲ. ಬೀಗ ಹಾಕಿದ ಬಾಗಿಲವರೆಗೆ ಹೋಗಿ, ಅದಕ್ಕೆ ಬೆನ್ನು ಕೊಟ್ಟು ನಿಂತು, ಅಧ್ಯಕ್ಷನ ಮುಖ ನೋಡಿದಳು. "ನಂಗೆ ಈಗ್ಲೇ ಬಂದದೆ," ಎಂದಳು. "ಏನ್ ಮಾಡ್ಲಿ ಹೇಳು. ಇಲ್ಲೇ ಕುಂತ್ಕೊಳ್ಳಾ?"

ನಾಮ್‌ಗುಂಗ್ ಎಲ್ಲಿ ನೋಡುವುದೆಂದು ತಿಳಿಯದೆ ಫೋನನ್ನೇ ನೋಡಿದ. ಫೋನು ಗುಯ್‌ಗುಟ್ಟುತ್ತಿತ್ತು. ಮೂರನೇ ಟವರಿನ ನೆಲಮಹಡಿ. ನಿಂತಿತು. ಐದನೇ ಟವರಿನ ನೆಲಮಹಡಿ. ಅವನು ಎತ್ತಲಿಲ್ಲ.

ಆಗ ಅವರ ತಲೆಯ ಮೇಲಿನ ದಪ್ಪ ಕೊಳವೆಗಳಲ್ಲೊಂದು ಸದ್ದು ಮಾಡಿತು. ಮೇಲೆ ಎಲ್ಲೋ ಯಾರೋ ಗುಂಡಿ ಒತ್ತಿದ್ದರು. ಸದ್ದು ಅಂತಸ್ತು ಅಂತಸ್ತಾಗಿ ಇಳಿಯಿತು. ನಾಲ್ವರ ಮುಖವೂ ಮೇಲಕ್ಕೆ ತಿರುಗಿ ಆ ಸದ್ದಿನ ಜೊತೆಗೇ ಛಾವಣಿಗುಂಟ ಸರಿದು, ಗೋಡೆಗುಂಟ ಇಳಿದು, ತೊಟ್ಟಿಗೆ ಬಂದು ನಿಂತಿತು. ನೀರು ಒಮ್ಮೆ ಉಬ್ಬಿತು. ಅಂಚು ದಾಟಿತು. ಸಿಮೆಂಟಿನ ನೆಲದ ಮೇಲೆ ಅಗಲವಾದ ಕಪ್ಪು ನಾಲಗೆಯಂತೆ ಸದ್ದಿಲ್ಲದೆ ಹರಿದು ಬಂತು, ಮೇಲೊಂದು ಬಿಳಿ ಟಿಶ್ಯೂ ತೇಲಿಸಿಕೊಂಡು.

ನಾಮ್‌ಗುಂಗ್ ಒಂದು ಹೆಜ್ಜೆ ಹಿಂದೆ ಸರಿದ. ಮತ್ತೊಂದು. ಬೆನ್ನಿಗೆ ಮೆಟ್ಟಿಲು ತಗಲಿತು.

ನೀರು ಮಲ್‌ಸೂನಳ ಬೂಟಿನ ಸುತ್ತ ಬಂತು, ಎರಡಾಗಿ ಸೀಳಿ ಮುಂದೆ ಹೋಯಿತು. ಅವಳು ಕಾಲು ತೆಗೆಯಲಿಲ್ಲ.

"ಮೊದಲ್ನೇ ಅಂಕಿ ಹೇಳಿ," ಎಂದಳು.